ಚೋಮನು ಬೇಡಿದ ನೇಗಿಲು

ವ್ಯಕ್ತಿಯೂ ಸಮಾಜವೂ ಇದಿರುಬದಿರಾಗಿ ನಿಲ್ಲುವ ಕಥನವೆಂದೊಡನೆ, ಲೋಕದ ಕಟ್ಟಳೆಗಳನ್ನೆಲ್ಲ ಕಿತ್ತೆಸೆದು ಏಕಾಕಿಯಾಗಿ ನಡೆದುಬಿಡುವ ವೀರನೊಬ್ಬನ ಚಿತ್ರವೇ ನಮ್ಮ ಮನಸ್ಸಿನಲ್ಲಿ ಮೂಡುವುದಾದರೂ, 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯ ನಾಯಕನು ಅಂಥವನಲ್ಲ. ಊರನ್ನು ತೊರೆಯುವ ಹಂಬಲ ಅವನಿಗಿಲ್ಲ; ಊರಿನವರು ಮಾಡುವುದನ್ನೇ, ಎಂದರೆ ತುಂಡು ನೆಲವನ್ನು ಗೇಣಿಗೆ ಹಿಡಿದು ಬೇಸಾಯ ಹೂಡುವುದನ್ನೇ, ತಾನೂ ಮಾಡಬೇಕೆಂಬುದಷ್ಟೇ ಅವನ ಜನ್ಮದ ಆಸೆ. ಜೋಡಿ ಎತ್ತುಗಳು ಅವನಲ್ಲಿವೆ, ತೋಳಿನಲ್ಲಿ ಬಲವಿದೆ. ಇಲ್ಲದಿರುವುದು ಹುಟ್ಟಿನ ಅಪ್ಪಣೆಯೊಂದೇ. ಪರರಿಗೆ ನಿತ್ಯದ ಕಾಯಕವಾದದ್ದು ಅಸ್ಪೃಶ್ಯನಾದ ಅವನಿಗೆ ಧರ್ಮದ್ರೋಹವಾಗಿ ಪರಿಣಮಿಸುವ ಈ ವೈಪರೀತ್ಯದಲ್ಲಿಯೇ ಕಾದಂಬರಿಯ ಮಹತ್ತ್ವವಿದೆಯೆಂದು ನಾನು ಬಗೆದಿದ್ದೇನೆ.

ಧಣಿ ಸಂಕಪ್ಪಯ್ಯನು ಕ್ರೂರಿಯೇನೂ ಅಲ್ಲ. ಅವನ ಮನಸ್ಸು ತುಸು ಸಡಿಲುವಷ್ಟರಲ್ಲಿ, ಹಿಂದಿನಿಂದ ನಡೆದುಬಂದುದನ್ನು ಮುರಿಯಲಾಗದೆಂದು ಅವನ ತಾಯಿ ಅಡ್ಡ ನಿಲ್ಲುತ್ತಾಳೆ. ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗ, ಬಾಲಕ ನೀಲನನ್ನು ಕಂಡೂ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ಕೈಚಾಚದೆ ಉಳಿದ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನ್ನ ಕಣ್ಣು ಮುಂದಿನ ಸಾಲಿಗೆ ಸರಿಯಲು ಹಿಂಜರಿಯುತ್ತದೆ. ದುಷ್ಟನೆಂದು ಬೆರಳಿಟ್ಟು ತೋರಿಸಲು ಅಲ್ಲಿ ಒಬ್ಬನೂ ಸಿಕ್ಕುವುದಿಲ್ಲ, ಇದ್ದವರೆಲ್ಲರೂ ಹಿರಿಯರು ಹೇಳಿಕೊಟ್ಟಂತೆ ನಡೆದವರೇ.

ಇದಕ್ಕೂ ಸೂಕ್ಷ್ಮವಾದ ಘಟ್ಟವೊಂದುಂಟು. ಕ್ರೈಸ್ತನಾದರೆ ಭೂಮಿ ದೊರೆತೀತೆಂಬ ಆಸೆಯಿಂದ ಚೋಮನು ಮತಾಂತರಕ್ಕೆ ಹೊರಟೇ ಬಿಡುತ್ತಾನೆ. ಮಗ ಗುರುವನು ಆಗಲೇ ಆ ದಾರಿ ಹಿಡಿದವನು. ಆದರೆ ತಾನು ನಂಬಿದ ಪಂಜುರ್ಲಿ ದೈವದ ಸನ್ನಿಧಿ ಚೋಮನ ಕಾಲುಗಳನ್ನು ತಡೆದು ಹಿಂದಿರುಗಿಸುತ್ತದೆ. ತನ್ನನ್ನು ಹೊರಗಿಟ್ಟ ಲೋಕದ ದೈವವೇ ತನ್ನ ಅಂತರಂಗದ ದೈವವೂ ಆಗಿರುವಾಗ ಮನುಷ್ಯನು ಯಾವುದನ್ನು ಬಿಟ್ಟು ಎಲ್ಲಿಗೆ ಹೋದಾನು? ಕಾರಂತರು ಇಲ್ಲಿ ಚೋಮನನ್ನು ಹಳಿಯುವುದೂ ಇಲ್ಲ, ಹೊಗಳುವುದೂ ಇಲ್ಲ. ಆ ಸಂಯಮಕ್ಕಾಗಿ ಅವರಿಗೆ ನಾನು ತಲೆಬಾಗುತ್ತೇನೆ.

ಮಾತಿನಲ್ಲಿ ಹೇಳಲಾಗದುದನ್ನೆಲ್ಲ ಅವನು ದುಡಿಯಲ್ಲಿ ನುಡಿಸಿದನು. ಊರು ಅವನಿಂದ ಕಸಿಯಲಾಗದೆ ಹೋದದ್ದು ಆ ವಾದ್ಯವೊಂದನ್ನೇ, ಮತ್ತು ಅದನ್ನು ಬಾರಿಸುತ್ತಲೇ ಅವನ ಪ್ರಾಣ ಹೋಯಿತು.

ಕೃತಿ ಹೊರಬಂದ 41 ವರ್ಷಗಳ ಮೇಲೆ, 1974ರಲ್ಲಿ, ಕರ್ನಾಟಕದಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಗೇಣಿದಾರರಿಗೆ ತಾವು ಉಳುತ್ತಿದ್ದ ನೆಲದ ಹಕ್ಕನ್ನು ಕೊಟ್ಟಿತು. ಚೋಮನು ಅಂದಿನವರೆಗೆ ಬದುಕಿದ್ದರೂ ಆ ಹಕ್ಕು ಅವನಿಗೆ ಸಲ್ಲುತ್ತಿರಲಿಲ್ಲ. ಅವನನ್ನು ಗೇಣಿದಾರನಾಗಲು ಊರು ಬಿಟ್ಟಿರಲೇ ಇಲ್ಲ.