ಎರೆನಾಡಿನ ಬೇಸಗೆಯೂ ಮನೆಯ ಬೆಕ್ಕೂ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಗೋದಿ, ಕಡಲೆಗಳ ರಾಶಿ ಮುಗಿದು ಕಾಳು ಮನೆ ಸೇರುವುದಕ್ಕೂ ಹಗಲಿನ ತಾಪ 38 ಡಿಗ್ರಿಯನ್ನು ಮುಟ್ಟಿ ಮೀರುವುದಕ್ಕೂ ಹೆಚ್ಚಿನ ಅಂತರವಿರುವುದಿಲ್ಲವಾದ್ದರಿಂದ, ಬೆಕ್ಕಿಗೆ ಅತ್ಯಧಿಕ ಕೆಲಸವಿರುವ ಕಾಲವೂ ಅದರ ದೇಹಕ್ಕೆ ಅತ್ಯಂತ ಕಠಿನವಾದ ಕಾಲವೂ ಒಂದೇ ಆಗುತ್ತವೆ. ಹಿಂದೆ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದಾಗ, ಗಾಳಿಯಾಡದ ಆ ಕತ್ತಲೆಯಲ್ಲಿ ಹುಳುವಿಗಾಗಲಿ ಇಲಿಗಾಗಲಿ ಆಸ್ಪದ ಕಡಿಮೆ; ಈಗ ಧಾನ್ಯವು ಚೀಲಗಳಲ್ಲಿ ಪಡಸಾಲೆಯ ಗೋಡೆಗೊರಗಿ ನಿಂತಿರುವುದರಿಂದ ಬೆಕ್ಕಿನ ಹೊಣೆ ಹಿರಿದಾಗಿದೆ. ಈ ಸಂಬಂಧವಾದರೋ ಬಹು ಪುರಾತನವಾದದ್ದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದೆ ಮನುಷ್ಯನೊಬ್ಬನ ಮಗ್ಗುಲಲ್ಲಿಯೇ ಹೂಳಿದ ಬೆಕ್ಕಿನ ಅಸ್ಥಿಗಳು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಕಾಳು ಕೂಡಿಡಲು ಕಲಿತ ಒಕ್ಕಲಿನ ಮನೆಗೆ ಇಲಿಯೂ, ಇಲಿಯ ಬೆನ್ನುಹತ್ತಿ ಬೆಕ್ಕೂ ಬಂದುವೆಂಬುದು ವಿದ್ವಾಂಸರ ಅಭಿಮತ.

ಬೇಸಗೆಯಲ್ಲಿ ಇಲ್ಲಿಯ ಹೆಣ್ಣುಮಕ್ಕಳು ನಸುಕಿನಲ್ಲಿಯೇ ಹತ್ತಿಕಟ್ಟಿಗೆಯ ಒಲೆ ಹೊತ್ತಿಸಿ, ಬಿಸಿಲೇರುವುದರೊಳಗೆ ರೊಟ್ಟಿ ಬಡಿದು ಮುಗಿಸಿ, ಮಧ್ಯಾಹ್ನಕ್ಕೆ ಜೋಳದ ನುಚ್ಚು, ಮಜ್ಜಿಗೆ, ಮಾವಿನಕಾಯಿ ಚಟ್ನಿ, ಹಸಿ ಉಳ್ಳಾಗಡ್ಡಿಗಳಲ್ಲಿ ಊಟವನ್ನು ಸಾಗಿಸುತ್ತಾರೆ. ಮಾಳಿಗೆಯ ಮೇಲೆ ಹಪ್ಪಳ, ಶಂಡಿಗೆ, ಶ್ಯಾವಿಗೆ ಒಣಗುತ್ತಿರುತ್ತವೆ. ಕುರಡಿಗೆಗೆಂದು ದಿನಗಟ್ಟಲೆ ನೆನೆದ ಗೋದಿಯನ್ನು ರುಬ್ಬಿ ಹಿಂಡಿ ತೆಗೆದ ಬೆಳ್ಳನೆಯ ಹಾಲು ರಾತ್ರಿಯೆಲ್ಲ ಪಾತ್ರೆಯಲ್ಲಿ ತಿಳಿಗೊಳ್ಳುತ್ತಿದ್ದರೆ, ಬೆಕ್ಕು ಅಂಚಿಗೆ ಮೂಗು ಹಚ್ಚಿ ನೋಡಿ ಹಿಂದಿರುಗುತ್ತದೆ. ನಿಜವಾದ ಹಾಲಿನ ಮಾತು ಬೇರೆ. “ತಂಗೀ, ನೆಲುವಿನ ಮ್ಯಾಲಿನ ಗಡಗಿ ನೋಡ, ಬೆಕ್ಕ ಕಣ್ಣ ಹಾಕೇತಿ” ಎಂದು ಅತ್ತೆ ಸೊಸೆಯನ್ನು ಎಚ್ಚರಿಸುವುದು ಕುಂದಗೋಳದ ಸೀಮೆಯ ಯಾವ ಮನೆಯಲ್ಲಾದರೂ ಕಿವಿಗೆ ಬೀಳುವ ಮಾತು. ಬೆಕ್ಕಿನ ನಾಲಗೆಗೆ ಸಿಹಿ ತಿಳಿಯದು. ಹಾಲು-ಸಕ್ಕರೆ ಹಾಕಿದ ಶ್ಯಾವಿಗೆಯ ತಾಟಿನೆದುರು ಅದು ಕಾದು ಕುಳಿತರೆ, ಸೆಳೆದದ್ದು ಹಾಲು-ತುಪ್ಪಗಳ ಜಿಡ್ಡು.

ಹಸಿದ ಬೆಕ್ಕೇ ಇಲಿ ಹಿಡಿಯುವುದು, ಉಂಡ ಬೆಕ್ಕು ಮಲಗುವುದು ಎಂಬ ನಂಬಿಕೆಯಿಂದ ಅದಕ್ಕೆ ತುತ್ತು ಹಾಕದಿರುವ ಮನೆಗಳುಂಟು. ಇದು ಅನ್ಯಾಯವಷ್ಟೇ ಅಲ್ಲ, ಅವಿವೇಕವೂ ಹೌದು. ಬೇಟೆಯಾಡುವುದು ಬೆಕ್ಕಿಗೆ ಹುಟ್ಟುಗುಣವೇ ಹೊರತು ಹಸಿವೆಯಿಂದ ಮಾತ್ರ ಉಂಟಾದದ್ದಲ್ಲ. ಹೊಟ್ಟೆಗಿಲ್ಲದ ಬೆಕ್ಕು ಊರೆಲ್ಲ ಅಲೆಯತೊಡಗಿದರೆ ಅದರ ಸೇವೆ ನೆರೆಮನೆಯ ಪಾಲಾಗುವುದು. ಆದರೆ ರೊಟ್ಟಿಯ ಚೂರು, ಕಲಘಟಗಿಯ ಭತ್ತದ ಸೆರಗಿನಲ್ಲಾದರೆ ಹಾಲನ್ನ, ಇಷ್ಟರಿಂದಲೇ ಅದು ಬಾಳಲಾರದು. ಮಾಂಸಾಹಾರಿಯಾದ ಅದರ ಕಣ್ಣಿಗೂ ಹೃದಯಕ್ಕೂ ಮುಖ್ಯವಾಗಿ ಮಾಂಸದಿಂದ ದೊರೆಯುವ ಟೌರಿನ್ ಎಂಬ ಸತ್ತ್ವ ಬೇಕು; ಇಲಿ ಹಿಡಿಯುವ ಬೆಕ್ಕು ಅದನ್ನು ತಾನೇ ಸಂಪಾದಿಸುತ್ತದೆ, ಹೊರಗೆ ಬಿಡದೆ ಸಾಕಿದ ಬೆಕ್ಕಿಗೆ ಮೀನನ್ನೋ ಮಾಂಸವನ್ನೋ ಬೇಯಿಸಿ ಕೊಡಬೇಕಾಗುತ್ತದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುವುದರಿಂದ ಹಾಲನ್ನು ಸ್ವಲ್ಪವೇ ಹಾಕುವುದು ಲೇಸು.

ಬೇಸಗೆಯಲ್ಲಿ ಎಲ್ಲಕ್ಕಿಂತ ಮಿಗಿಲಾದುದು ನೀರು. ಮರುಭೂಮಿಯ ಕಾಡುಬೆಕ್ಕಿನ ವಂಶಕ್ಕೆ ಸೇರಿದ ಈ ಪ್ರಾಣಿಗೆ ಬಾಯಾರಿಕೆಯ ಅರಿವು ಮಂದ. ಬೆವರುವುದು ಅಂಗಾಲುಗಳಲ್ಲಿ ಮಾತ್ರ. ಮೈ ನೆಕ್ಕಿಕೊಂಡು, ಆ ತೇವವು ಆರುವಾಗಿನ ತಂಪಿನಿಂದ ಅದು ಕಾವನ್ನು ಕಳೆಯುತ್ತದೆ. ನೀರಿನ ಹರಿವಿಯ ಬುಡದ ತೇವದ ನೆಲವನ್ನು ಅದು ಮಲಗಲು ಆರಿಸಿಕೊಳ್ಳುವುದು ಈ ಕಾರಣದಿಂದಲೇ. ಅಲ್ಲಿಂದ ಎಬ್ಬಿಸದೆ, ಅಲ್ಲಿಯೇ ಅಗಲವಾದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ದಿನಕ್ಕೆರಡು ಸಲ ಬದಲಿಸಿದರೆ ಸಾಕು. ಬಾಯಿ ತೆರೆದು ಏದುತ್ತಿದ್ದರೆ ತಡಮಾಡದೆ ನೆರಳಿಗೆ ಒಯ್ದು ಒದ್ದೆ ಬಟ್ಟೆಯಿಂದ ಮೈಯೊರಸಿ, ಪಶುವೈದ್ಯರಿಗೆ ತೋರಿಸತಕ್ಕದ್ದು. ಇನ್ನು ಉಳ್ಳಾಗಡ್ಡಿ, ಬಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ, ಬೆಕ್ಕಿನ ನೆತ್ತರಿನ ಕೆಂಪುಕಣಗಳನ್ನು ನಾಶಮಾಡುತ್ತವೆ. ಎಸರಿಗೆ ಒಗ್ಗರಣೆ ಬೀಳುವ ಮೊದಲೇ ಅದರ ಪಾಲಿನ ಸಪ್ಪೆ ತುತ್ತನ್ನು ಬೇರೆ ತೆಗೆದಿಡಬೇಕು.