ಉಲ್ಲೇಖಗಣನೆಯ ಮಾನವೂ ವಿಕ್ಟರ್ ಹ್ಯಾಂಬರ್ಗರರ ಪ್ರಬಂಧಗಳೂ

ಒಬ್ಬ ಶಾಸ್ತ್ರಜ್ಞನ ಪ್ರಬಂಧಗಳನ್ನು ಅನಂತರದವರು ಎಷ್ಟು ಸಲ ಉಲ್ಲೇಖಿಸಿರುವರೆಂಬುದನ್ನು ಎಣಿಸಿ, ಆ ಸಂಖ್ಯೆಯಿಂದ ಅವನ ಯೋಗ್ಯತೆಯನ್ನು ನಿಶ್ಚಯಿಸುವ ಪದ್ಧತಿಯು ವಿಜ್ಞಾನಕ್ಷೇತ್ರದಲ್ಲಿ ಬೇರೂರಿದೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ ಇಂತಹ ಸೂಚಿಯ ಆವಶ್ಯಕತೆಯನ್ನು ಪ್ರತಿಪಾದಿಸಿದರು. 1964ರಿಂದ ಅವರ ವಿಜ್ಞಾನೋಲ್ಲೇಖಸೂಚಿಯು ಕ್ರಮವಾಗಿ ಪ್ರಕಟವಾಗತೊಡಗಿತು. ಗ್ರಂಥಾನ್ವೇಷಣಕ್ಕೆ ಸಾಧನವಾಗಿ ಹುಟ್ಟಿದ ಈ ಸೂಚಿಯು ಕಾಲಕ್ರಮದಲ್ಲಿ ವಿದ್ವಾಂಸರನ್ನು ತೂಗುವ ತಕ್ಕಡಿಯಾಯಿತು. ಭಾಷಾಸಾಹಿತ್ಯಗಳ ಅಧ್ಯಾಪಕರಿಗೂ ಇದನ್ನು ಅನ್ವಯಿಸಬೇಕೆಂಬ ಮಾತು ಕೇಳಿಬರುತ್ತಿರುವುದರಿಂದ, ಈ ತಕ್ಕಡಿಯು ಏನನ್ನು ತೂಗುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ನರವಿಕಾಸಶಾಸ್ತ್ರದ ಒಬ್ಬ ಆಚಾರ್ಯರ ನಿದರ್ಶನದಿಂದ ವಿಚಾರಿಸುವುದು ಉಚಿತವಾಗಿದೆ.

ವಿಕ್ಟರ್ ಹ್ಯಾಂಬರ್ಗರರು 1900ರಲ್ಲಿ ಜರ್ಮನಿಯಲ್ಲಿ ಜನಿಸಿ, ಹ್ಯಾನ್ಸ್ ಷ್ಪೇಮನ್ ಎಂಬ ಪ್ರಸಿದ್ಧ ಭ್ರೂಣಶಾಸ್ತ್ರಜ್ಞರಲ್ಲಿ ವ್ಯಾಸಂಗ ಮಾಡಿದರು. 1932ರಲ್ಲಿ ಅವರು ಅಮೆರಿಕಕ್ಕೆ ಹೋಗಿದ್ದಾಗ, ಮರುವರ್ಷವೇ ನಾಜೀ ಸರಕಾರವು ಯೆಹೂದ್ಯರನ್ನು ಉದ್ಯೋಗಗಳಿಂದ ತೆಗೆದುಹಾಕಿದುದರಿಂದ ಸ್ವದೇಶದ ಸ್ಥಾನವನ್ನು ಕಳೆದುಕೊಂಡು ಅಲ್ಲಿಯೇ ನಿಂತರು. 1934ರ ಪ್ರಬಂಧದಲ್ಲಿ ಅವರು ವಿವರಿಸಿದ ಪ್ರಯೋಗವಿದು: ಕೋಳಿಯ ಭ್ರೂಣದಲ್ಲಿ ರೆಕ್ಕೆಯ ಮೊಳಕೆಯನ್ನು ಕತ್ತರಿಸಿ ತೆಗೆದರೆ, ಆ ರೆಕ್ಕೆಗೆ ಸಂಬಂಧಪಟ್ಟ ನರಕೋಶಗಳು ಬಹಳ ಕಡಮೆಯಾಗುತ್ತವೆ. ರೆಕ್ಕೆಯಿಂದ ಬರಬೇಕಾದ ಪ್ರೇರಣೆಯು ಇಲ್ಲವಾದುದರಿಂದ ಹೊಸ ನರಕೋಶಗಳು ಹುಟ್ಟುವುದಿಲ್ಲವೆಂದು ಅವರು ಕಾರಣ ಹೇಳಿದರು.

ಇಟಲಿಯ ರೀಟಾ ಲೆವಿ-ಮೊಂಟಲ್ಚೀನಿ ಎಂಬ ವಿದುಷಿಯು ಈ ಪ್ರಬಂಧವನ್ನು ಓದಿದಳು. 1938ರ ಜನಾಂಗಶಾಸನಗಳಿಂದ ವಿಶ್ವವಿದ್ಯಾಲಯವು ಅವಳಿಗೆ ಮುಚ್ಚಿಹೋಗಿತ್ತು. ಟುರಿನ್ ನಗರದ ತನ್ನ ಮನೆಯ ಕೋಣೆಯಲ್ಲಿಯೇ ಅವಳು ಪ್ರಯೋಗವನ್ನು ಮತ್ತೆ ನಡೆಸಿದಳು. ನರಕೋಶಗಳು ಹುಟ್ಟುತ್ತವೆ, ಆದರೆ ಆಶ್ರಯವಿಲ್ಲದೆ ಸಾಯುತ್ತವೆ ಎಂಬುದು ಅವಳೂ ಅವಳ ಗುರು ಜುಸೆಪ್ಪೆ ಲೆವಿಯವರೂ ತಲಪಿದ ನಿರ್ಣಯ. ಆ ಲೇಖನವು 1942ರಲ್ಲಿ ಬೆಲ್ಜಿಯಂ ದೇಶದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಯುದ್ಧಾನಂತರ ಹ್ಯಾಂಬರ್ಗರರು ತಮ್ಮ ಮತವನ್ನು ಖಂಡಿಸಿದವಳನ್ನೇ ಸೇಂಟ್ ಲೂಯಿಸ್ ನಗರದ ತಮ್ಮ ಪ್ರಯೋಗಶಾಲೆಗೆ ಬರಮಾಡಿಕೊಂಡರು. 1949ರಲ್ಲಿ ಇಬ್ಬರೂ ಕೂಡಿ ಬರೆದ ಪ್ರಬಂಧವು ಅವಳ ವಿವರಣೆಯನ್ನೇ ಎತ್ತಿಹಿಡಿಯಿತು.

ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ 1934ರ ವಿವರಣೆಯು ಪೂರ್ವಪಕ್ಷ, 1949ರದು ಸಿದ್ಧಾಂತ. ಭಾಷ್ಯಕಾರನು ಪೂರ್ವಪಕ್ಷವನ್ನು ಎತ್ತಿಕೊಳ್ಳುವುದು ನಿರಾಕರಿಸುವುದಕ್ಕೆ, ಆಪ್ತವಾಕ್ಯವನ್ನು ಎತ್ತಿಕೊಳ್ಳುವುದು ಆಧರಿಸುವುದಕ್ಕೆ. ಗಣಕನಿಗೆ ಎರಡೂ ಒಂದೊಂದೇ ಅಂಕ. ಆದರೂ ಆ ಪೂರ್ವಪಕ್ಷವು ಸ್ಫುಟವಾಗಿ ನಿರೂಪಿತವಾಗಿರದಿದ್ದರೆ ಈ ಸಿದ್ಧಾಂತಕ್ಕೆ ಅವಕಾಶವೇ ಇರುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಹ್ಯಾಂಬರ್ಗರರ ಬರಹಗಳಲ್ಲಿ ಅತ್ಯಧಿಕವಾಗಿ ಉಲ್ಲೇಖಿತವಾಗುವುದು ಹೋವರ್ಡ್ ಹ್ಯಾಮಿಲ್ಟನ್‌ರೊಡನೆ 1951ರಲ್ಲಿ ಪ್ರಕಟಿಸಿದ ಪ್ರಬಂಧ. ಅದರಲ್ಲಿ ಯಾವ ವಾದವೂ ಇಲ್ಲ. ಮೊಟ್ಟೆಯಲ್ಲಿ ಭ್ರೂಣವು ಬೆಳೆಯುವ ಕ್ರಮವನ್ನು, ಕಾವಿನ ಗಂಟೆಗಳಿಂದಲ್ಲದೆ ಅಂಗಲಕ್ಷಣಗಳಿಂದ, 46 ಅವಸ್ಥೆಗಳಾಗಿ ವಿಂಗಡಿಸಿದೆ. ಛಂದಸ್ಸನ್ನು ವಿಚಾರಿಸುವವನಿಗೆ ಮಾತ್ರಾಗಣಗಳು ಹೇಗೋ, ಕೋಳಿಯ ಭ್ರೂಣವನ್ನು ಪರೀಕ್ಷಿಸುವವನಿಗೆ ಈ ಅವಸ್ಥೆಗಳು ಹಾಗೆ. ಇಲ್ಲಿ ಉಲ್ಲೇಖಬಾಹುಳ್ಯವು ಉಪಯುಕ್ತತೆಗೆ ಸಾಕ್ಷಿ. ಪತ್ರಿಕೆಗಳ ಪ್ರಭಾವಾಂಕವನ್ನು ಹಿಂದಿನ ಎರಡು ವರ್ಷಗಳ ಲೇಖನಗಳಿಂದ ಲೆಕ್ಕಹಾಕುವುದು ವಾಡಿಕೆ. ಈ ಪ್ರಬಂಧವಾದರೋ 41 ವರ್ಷಗಳ ಮೇಲೆ, 1992ರಲ್ಲಿ, ಪುನರ್ಮುದ್ರಿತವಾಯಿತು.

ಇನ್ನೊಂದು ವಿಷಯವುಂಟು. ನರಗಳನ್ನು ಬೆಳೆಯಿಸುವ ದ್ರವ್ಯವನ್ನು ಕುರಿತ 1954ರ ಪ್ರಬಂಧದಲ್ಲಿ ಸ್ಟ್ಯಾನ್ಲಿ ಕೋಹೆನ್, ಲೆವಿ-ಮೊಂಟಲ್ಚೀನಿ, ಹ್ಯಾಂಬರ್ಗರ್ ಈ ಮೂವರ ಹೆಸರುಗಳೂ ಇವೆ. 1986ರ ನೊಬೆಲ್ ಪಾರಿತೋಷಕವು ಮೊದಲಿನ ಇಬ್ಬರಿಗೆ ಸಂದಿತು. ವಿಮರ್ಶಕಿಗೆ ಬಾಗಿಲು ತೆರೆದ ಔದಾರ್ಯವನ್ನು ಎಣಿಸುವ ಸೂಚಿಯಾದರೂ ಯಾವುದು? ಮೇಲಾಗಿ, ಸಿದ್ಧಾಂತವು ಸರ್ವಸಮ್ಮತವಾದಷ್ಟೂ ಕರ್ತೃವಿನ ಹೆಸರು ಮರೆಯಾಗುತ್ತದೆ. ಗುಣಸಂಧಿಯೆನ್ನುವವರೆಲ್ಲರೂ ಪಾಣಿನಿಯನ್ನು ಹೆಸರಿಸುವುದಿಲ್ಲವಷ್ಟೆ.

ಆದುದರಿಂದ ಸಂಖ್ಯೆಯನ್ನು ತಿರಸ್ಕರಿಸಬೇಕಾಗಿಲ್ಲ. ಯಾವ ಪ್ರಬಂಧವನ್ನು ಮೊದಲು ಓದಬೇಕೆಂಬುದನ್ನು ಅದು ಸೂಚಿಸಬಲ್ಲುದು. ಉಲ್ಲೇಖವು ಖಂಡನೆಗೋ, ಮಂಡನೆಗೋ, ಮಾನಕ್ಕೋ ಎಂಬ ನಿರ್ಣಯವು ಮಾತ್ರ ಓದಿದವನಿಂದಲೇ ಸಾಧ್ಯ. ಅಧ್ಯಾಪಕರ ಯೋಗ್ಯತೆಯನ್ನು ನಿಶ್ಚಯಿಸುವ ಮಂಡಲಿಗಳು ಎಣಿಸುವುದರ ಜೊತೆಗೆ ಓದುವ ಶ್ರಮವನ್ನೂ ವಹಿಸತಕ್ಕದ್ದು.