ತಣ್ಣನೆ ಗಾಳಿಗೆ ಎಷ್ಟು ಕುದುರೆ?

ಚನ್ನಪಟ್ಟಣದ ಓದುಗರೊಬ್ಬರು ಕೇಳಿದ್ದಾರೆ: “ನನ್ನದು 1.2 ಲೀಟರ್ ಪೆಟ್ರೋಲ್ ಕಾರು ಸಾರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದರೆ ಹತ್ತು ಅಶ್ವಶಕ್ತಿ ಏರುತ್ತದೆ, ಮೈಲೇಜೂ ಬರುತ್ತದೆ ಅಂತಾರೆ. ಹಾಕಿಸಲಾ?”

ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಈ ಕೊಳವೆಯ ಹಿಂದಿರುವ ವಿಜ್ಞಾನ ಅಪ್ಪಟ ನಿಜ. ಬುರುಡೆ ಇರುವುದು ಅಂಕಿಯಲ್ಲಿ. ನಿಜ ಎಲ್ಲಿಯವರೆಗೆ, ಬುರುಡೆ ಎಲ್ಲಿಂದ ಎಂದು ಗೆರೆ ಎಳೆಯಲು ದೊಡ್ಡ ಪ್ರಯೋಗಾಲಯವೇನೂ ಬೇಕಿಲ್ಲ. ಬಿಡದಿಯಿಂದ ಚನ್ನಪಟ್ಟಣದವರೆಗಿನ ರಸ್ತೆಯೇ ಸಾಕು.

ಬೋನೆಟ್ ಎತ್ತಿದರೆ ಮೂಲೆಯಲ್ಲೊಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಅದನ್ನು ಕಿತ್ತು, ಥಳಥಳ ಹೊಳೆಯುವ ಅಗಲ ಪೈಪೊಂದನ್ನು ಕೂರಿಸಿ, ಅದರ ತುದಿಗೆ ಶಂಕುವಿನಾಕಾರದ ಫಿಲ್ಟರ್ ಸಿಕ್ಕಿಸುವುದು ಅಂಗಡಿಯವರ ಕೆಲಸ. ಎಂಜಿನ್ನಿಗೆ ತಣ್ಣನೆಯ ಗಾಳಿ, ಅದೂ ಧಾರಾಳವಾಗಿ ಸಿಗುತ್ತದೆ ಎಂಬುದು ವಾದ.

ತಣ್ಣನೆಯದೇ ಯಾಕೆ? ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಇದನ್ನು ಹೇಳುವುದು ಸಲೀಸು. ಒಂದೇ ಅಳತೆಯ ಎರಡು ಕ್ರೇಟುಗಳಲ್ಲಿ ರೇಷ್ಮೆಗೂಡು ತುಂಬಿದ್ದಾರೆ ಎನ್ನಿ. ಎರಡೂ ಅಂಚಿನವರೆಗೆ ತುಂಬಿವೆ. ಒಂದರಲ್ಲಿ ದಪ್ಪ ಚಿಪ್ಪಿನ ದ್ವಿತಳಿ ಗೂಡು. ಇನ್ನೊಂದರಲ್ಲಿ ಸೊಪ್ಪು ಸಾಲದ ಹುಳು ಹೇಗೋ ಕಟ್ಟಿ ಮುಗಿಸಿದ ತೆಳು ಗೂಡು. ನೋಡಲು ಎರಡೂ ಭರ್ತಿ. ಆದರೆ ನೂಲು ತೆಗೆಯುವ ರೀಲರ್ ಕ್ರೇಟು ಎಣಿಸಿ ದುಡ್ಡು ಕೊಡುವುದಿಲ್ಲ. ತಕ್ಕಡಿಗೆ ಹಾಕಿಸುತ್ತಾನೆ, ಕಿಲೋಗೆ ಇಷ್ಟು ಎನ್ನುತ್ತಾನೆ. ನೂಲು ಬರುವುದು ತೂಕದಿಂದ, ಕ್ರೇಟಿನ ಗಾತ್ರದಿಂದಲ್ಲ ಎಂಬುದು ಅವನಿಗೆ ಗೊತ್ತು.

ಎಂಜಿನ್ನಿನ ಪಾಡೂ ಇದೇ. 1.2 ಲೀಟರ್ ಎಂದು ಬರೆದಿದ್ದಾರಲ್ಲ, ಅದು ಕ್ರೇಟಿನ ಅಳತೆ. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ನಾಲ್ಕು ಸಿಲಿಂಡರ್‌ಗಳು ಸೇರಿ ಒಮ್ಮೆ ಅಷ್ಟು ಗಾಳಿ ತುಂಬಿಕೊಳ್ಳುತ್ತವೆ. ಆದರೆ ಪೆಟ್ರೋಲ್ ಉರಿಯುವುದು ತೂಕದ ಲೆಕ್ಕದಲ್ಲಿ: ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ. ಕ್ರೇಟು ಹಿಗ್ಗದು, ಹಾಗಾಗಿ ಅದರೊಳಗೆ ತೂಕದ ಗಾಳಿ ಬಿದ್ದರೆ ಮಾತ್ರ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ತೆಗೆಯಬಹುದು. ಬಿಸಿ ಗಾಳಿ ಜಳ್ಳು ಗೂಡು, ತಣ್ಣನೆಯದು ಗಟ್ಟಿ ಗೂಡು. ಹೋಲಿಕೆ ಒಂದು ಕಡೆ ಕುಂಟುತ್ತದೆ, ಒಪ್ಪುತ್ತೇನೆ. ಗೂಡುಗಳು ಕ್ರೇಟಿನಲ್ಲಿ ಒಂದಕ್ಕೊಂದು ತಾಗಿಕೊಂಡು ಸುಮ್ಮನೆ ಬಿದ್ದಿರುತ್ತವೆ. ಗಾಳಿಯ ಕಣಗಳು ಒಂದರಿಂದೊಂದು ದೂರದಲ್ಲಿ ಹುಚ್ಚೆದ್ದು ಓಡುತ್ತಿರುತ್ತವೆ. ಬಿಸಿಯಾದಷ್ಟೂ ಓಟ ಜೋರು, ಅಷ್ಟೇ ಒತ್ತಡ ಹುಟ್ಟಿಸಲು ಕಡಿಮೆ ಕಣಗಳು ಸಾಕು.

ಎಷ್ಟು ಕಡಿಮೆ ಎಂಬ ಲೆಕ್ಕ ಫ್ರಾನ್ಸಿನಿಂದ ಬಂತು, ಅದೂ ಬಲೂನುಗಳ ಹುಚ್ಚಿನಿಂದ. ಜಾಕ್ ಶಾರ್ಲ್ 1783ರ ಡಿಸೆಂಬರ್ 1ರಂದು ಹೈಡ್ರೋಜನ್ ಬಲೂನಿನಲ್ಲಿ ಪ್ಯಾರಿಸ್ಸಿನ ಮೇಲೆ ಹಾರಿದವನು. ಬಿಸಿಗೆ ಅನಿಲಗಳು ಹಿಗ್ಗುವ ಪರಿಯನ್ನು 1787ರ ಸುಮಾರಿಗೆ ಅಳೆದ. ಆದರೆ ಪ್ರಕಟಿಸುವ ಗೋಜಿಗೇ ಹೋಗಲಿಲ್ಲ. 1802ರಲ್ಲಿ ಗೇ-ಲುಸಾಕ್ ತಾನೇ ಅಳೆದು ಪ್ರಕಟಿಸಿ, ಶಾರ್ಲ್‌ನ ಹೆಸರನ್ನು ನಿಯತ್ತಾಗಿ ಹೇಳಿದ. ಸೊನ್ನೆ ಡಿಗ್ರಿಯಲ್ಲಿರುವ ಗಾತ್ರದ 267ನೇ ಒಂದು ಭಾಗದಷ್ಟು, ಪ್ರತಿ ಡಿಗ್ರಿಗೂ ಅನಿಲ ಹಿಗ್ಗುತ್ತದೆ ಎಂಬುದು ಅವನ ಲೆಕ್ಕ. ಈಗ ಆ ಸಂಖ್ಯೆ 273. ಎರಡು ಶತಮಾನದ ಹಿಂದಿನ ಗಾಜಿನ ನಳಿಗೆಗಳಿಂದ ಇಷ್ಟು ಹತ್ತಿರ ಬಂದಿದ್ದನಲ್ಲ!

ಈ ಲೆಕ್ಕವನ್ನು ಏಪ್ರಿಲ್ ತಿಂಗಳ ಚನ್ನಪಟ್ಟಣಕ್ಕೆ ಹಾಕೋಣ. ಹೊರಗೆ 35 ಡಿಗ್ರಿ. ಕಂಪನಿಯ ಡಬ್ಬಿಯ ಮೂಲಕ ಎಂಜಿನ್ನಿಗೆ 45 ಡಿಗ್ರಿಯ ಗಾಳಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಹೊಸ ಪೈಪು ಅದನ್ನು ಹೊರಗಿನ 35ಕ್ಕೇ ಇಳಿಸಿತು ಎಂದು ಉದಾರವಾಗಿ ಒಪ್ಪಿಕೊಳ್ಳಿ. ಗಾಳಿಯ ಸಾಂದ್ರತೆ ಏರುವುದು ನೂರಕ್ಕೆ ಮೂರು ಚಿಲ್ಲರೆ. ಅದೂ ಪೂರ್ತಿ ದಕ್ಕುವುದಿಲ್ಲ. ಸಿಲಿಂಡರಿನ ಬಿಸಿ ಗೋಡೆ ತಾಗಿದಾಗ ತಣ್ಣನೆಯ ಗಾಳಿ ಹೆಚ್ಚು ಶಾಖ ಹೀರಿಕೊಳ್ಳುತ್ತದೆ. ಎಂಜಿನಿಯರುಗಳು ಎಂಜಿನ್ ಪರೀಕ್ಷೆಯಲ್ಲಿ ಬಳಸುವ ಸೂತ್ರದಲ್ಲಿ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಶಕ್ತಿ ತಾಪದ ವರ್ಗಮೂಲದ ಪ್ರಕಾರವಷ್ಟೇ ಬದಲಾಗುತ್ತದೆ. 85 ಅಶ್ವಶಕ್ತಿಯ ಕಾರಿಗೆ ಸಿಗುವುದು ಒಂದೂವರೆ, ಬಹಳವೆಂದರೆ ಎರಡೂವರೆ ಕುದುರೆ. ಅದೂ ಆಕ್ಸಿಲರೇಟರ್ ಪೂರ್ತಿ ತುಳಿದಾಗ.

ಲೆಕ್ಕ ತಿರುಗಿಸಿ. ಹತ್ತು ಕುದುರೆ ತಣ್ಣನೆಯ ಗಾಳಿಯಿಂದಲೇ ಬರಬೇಕೆಂದರೆ ಏಪ್ರಿಲ್ ಮಧ್ಯಾಹ್ನ ಆ ಪೈಪು 11 ಡಿಗ್ರಿಯ ಗಾಳಿ ಎಳೆಯಬೇಕು. ವರ್ಗಮೂಲದ ಸೂತ್ರ ಹಿಡಿದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನದು. ಅಂಥ ಗಾಳಿಯನ್ನು ಬೋನೆಟ್ಟಿನೊಳಗೆ ತರುವ ಅಲ್ಯೂಮಿನಿಯಂ ಪೈಪು ನಿಮ್ಮ ಅಂಗಡಿಯವರ ಬಳಿ ಇದ್ದರೆ ದಯವಿಟ್ಟು ಮನೆಗೂ ಒಂದು ತನ್ನಿ, ಎ.ಸಿ. ಖರ್ಚು ಉಳಿಯುತ್ತದೆ.

ಇನ್ನೂ ಒಂದು ತಮಾಷೆ ಇದೆ. ಕಂಪನಿಯ ಡಬ್ಬಿ ಗಾಳಿ ಎಳೆಯುವುದು ಎಲ್ಲಿಂದ? ಬಹುತೇಕ ಕಾರುಗಳಲ್ಲಿ ಮುಂದಿನ ಗ್ರಿಲ್ ಪಕ್ಕದಿಂದ, ಹೊರಗಿನ ಗಾಳಿಯನ್ನೇ. ಕಾರು ಕಾರ್ಖಾನೆಯಿಂದಲೇ ‘ಕೋಲ್ಡ್ ಏರ್’ ಸಮೇತ ಬಂದಿರುತ್ತದೆ! ಅಗ್ಗದ ಕಿಟ್ ಹಾಕುವವರು ಆ ಡಬ್ಬಿ ಕಿತ್ತು, ತೆರೆದ ಫಿಲ್ಟರನ್ನು ಎಂಜಿನ್ನಿನ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಟ್ರಾಫಿಕ್ಕಿನಲ್ಲಿ ನಿಂತಾಗ ಅಲ್ಲಿನ ಗಾಳಿ ರೇಡಿಯೇಟರ್ ಉಗುಳಿದ ಬಿಸಿಗಾಳಿ. ದುಡ್ಡು ಕೊಟ್ಟು ಜಳ್ಳು ಕೊಂಡಂತಾಯಿತು. ಮುಂದಿನ ಬಂಪರಿನಲ್ಲಿ ತೂತು ಕೊರೆದು ‘ಎದುರುಗಾಳಿ ತಾನೇ ನುಗ್ಗುತ್ತದೆ’ ಎನ್ನುವವರೂ ಇದ್ದಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅನುಮತಿಯಿರುವ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ 400 ಪಾಸ್ಕಲ್ ಚಿಲ್ಲರೆ, ಅಂದರೆ ವಾತಾವರಣದ ಒತ್ತಡದ ಅರ್ಧ ಶೇಕಡವೂ ಇಲ್ಲ.

ಹೆಚ್ಚು ತೂಕದ ಗಾಳಿ ಬೇಕಿದ್ದರೆ ಬಿಟ್ಟಿ ಉಪಾಯವಿದೆ: ಬೆಂಗಳೂರಿನಿಂದ ಊರಿಗೆ ಬನ್ನಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ರಾಮನಗರ ಸುಮಾರು 750. ಇಳಿದ ಆ 170 ಮೀಟರಿಗೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಎರಡು ಶೇಕಡ ಏರುತ್ತದೆ. ಕನಕಪುರ ದಾಟಿ ಕಾವೇರಿಯ ಸಂಗಮದ ಕಡೆ ಇಳಿದರೆ ಇನ್ನಷ್ಟು. ಶಿರಾಡಿ ಇಳಿದು ಮಂಗಳೂರಿಗೆ ಹೋದರೆ, ಅಲ್ಲಿನ ಸೆಖೆಯನ್ನು ಕಳೆದೂ ಹತ್ತಿರ ಹತ್ತಿರ ಹತ್ತು ಶೇಕಡ ಲಾಭ. ಅಂಗಡಿಯವರು ಹೇಳುವ ಹತ್ತು ಕುದುರೆಯ ಹತ್ತಿರ ಬರುವ ಜಾಗ ಅದು. ಇದರ ಬೇರೂ ಗೇ-ಲುಸಾಕ್‌ನಲ್ಲೇ ಇದೆ. 1804ರಲ್ಲಿ ಅವನು ಬಲೂನಿನಲ್ಲಿ ಒಬ್ಬನೇ ಸುಮಾರು 7,000 ಮೀಟರ್ ಏರಿ ಅಲ್ಲಿನ ಗಾಳಿಯನ್ನು ಸೀಸೆಯಲ್ಲಿ ಹಿಡಿದು ತಂದ. ಪರೀಕ್ಷಿಸಿದರೆ ಆಮ್ಲಜನಕದ ಪಾಲು ನೆಲದ ಮೇಲಿನಷ್ಟೇ ಇತ್ತು. ಗಾಳಿ ತೆಳುವಾಗಿತ್ತು, ಅಷ್ಟೆ.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ, ಫಾರ್ಚೂನರ್‌ಗಳ ಡೀಸೆಲ್ ಎಂಜಿನ್ನಿಗೆ ಈ ಪೈಪಿನ ಹಂಗೇ ಇಲ್ಲ. ಅಲ್ಲಿ ಟರ್ಬೊ ಗಾಳಿಯನ್ನು ಅದುಮುವಾಗಲೇ ಅದು ನೂರು ಡಿಗ್ರಿ ದಾಟಬಲ್ಲದು; ಆಮೇಲೆ ಇಂಟರ್‌ಕೂಲರ್ ಅದನ್ನು ತಣಿಸಿ ಒಳಗೆ ಕಳಿಸುತ್ತದೆ.

ಮೈಲೇಜಿನ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಬೇಕೆಂದೇ ಫಿಲ್ಟರ್ ಕಟ್ಟಿಸಿ ಕಾರು ಓಡಿಸಿ ನೋಡಿತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಇಂಧನದ ಖರ್ಚು ಏನೂ ಬದಲಾಗಲಿಲ್ಲ. ಕುಂದಿದ್ದು ಪೂರ್ತಿ ತುಳಿದಾಗಿನ ಪಿಕಪ್ ಮಾತ್ರ. ಕಾರಣ ಸರಳ. ಹದವಾಗಿ ಓಡಿಸುವಾಗ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವುದೇ ಥ್ರಾಟಲ್ ಕವಾಟದ ಕೆಲಸ. ಅದೇ ಅರ್ಧ ಒತ್ತಡ ನುಂಗುತ್ತಿರುವಾಗ ಫಿಲ್ಟರಿನ ಒಂದೆರಡು ಶೇಕಡವನ್ನು ಯಾರು ಕೇಳಬೇಕು? ಕಟ್ಟಿಕೊಂಡ ಫಿಲ್ಟರಿಗೇ ಬೀಳದ ಮೈಲೇಜು ಬಿಡುಬೀಸಾದ ಫಿಲ್ಟರಿಗೆ ಏರುವುದಾದರೂ ಹೇಗೆ?

ಹಾಗಿದ್ದೂ ಹಾಕಿಸಿದವರೆಲ್ಲ ಗಾಡಿ ಹಾರುತ್ತದೆ ಎನ್ನುತ್ತಾರಲ್ಲ! ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಿವಿ ಹೇಳುತ್ತಿದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಸಣ್ಣ ಬಾಯಿಯ ಟೊಳ್ಳು ಗುಂಡುಗಳನ್ನು ಮಾಡಿಸಿ, ಒಂದೊಂದು ಗುಂಡು ಒಂದೊಂದೇ ಸ್ವರಕ್ಕೆ ಮಿಡಿಯುತ್ತದೆ ಎಂದು ತೋರಿಸಿದ. ಕಾರಿನ ಗಾಳಿಕೊಳವೆಯ ಪಕ್ಕಕ್ಕೆ ಅಂಟಿಕೊಂಡಿರುವ, ಯಾತಕ್ಕೆಂದೇ ತಿಳಿಯದ ಖಾಲಿ ಡಬ್ಬಿಗಳು ಅವನ ಮೊಮ್ಮಕ್ಕಳು. ನಾಲ್ಕು ಸಿಲಿಂಡರಿನ ಎಂಜಿನ್ 3,000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ ಉಸಿರೆಳೆಯುತ್ತದೆ. ಆ ಗೊಗ್ಗರು ದನಿಯನ್ನು ಆ ಡಬ್ಬಿಗಳು ನುಂಗಿಹಾಕುತ್ತವೆ. ಅವನ್ನು ಕಿತ್ತರೆ ಗರ್ಜನೆ ನೇರ ಕಿವಿಗೆ. ಶಬ್ದ ಜೋರಾದರೆ ವೇಗವೂ ಜೋರೆಂದು ಮನಸ್ಸು ನಂಬಿಬಿಡುತ್ತದೆ. ಆ ಶಬ್ದಕ್ಕಾಗಿಯೇ ಹಾಕಿಸುತ್ತೇನೆ ಎನ್ನುವವರೊಡನೆ ನನಗೆ ಜಗಳವಿಲ್ಲ.

ಜಗಳವಿರುವುದು ದೂಳಿನ ವಿಷಯದಲ್ಲಿ. ಒಂದು ಲೀಟರ್ ಪೆಟ್ರೋಲ್ ಉರಿಯಲು ರಾಮನಗರದ ಎತ್ತರದಲ್ಲಿ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಬೇಕು. ವರ್ಷಕ್ಕೆ ಸಾವಿರ ಲೀಟರ್ ಸುಡುವ ಕಾರು ಒಂದು ಕೋಟಿ ಲೀಟರ್ ಗಾಳಿ ಕುಡಿಯುತ್ತದೆ. ಅದು ಎಂಥ ಗಾಳಿ? ಈ ಸೀಮೆಯ ಬಂಡೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ರಾಮನಗರದ ಬ್ರಿಟಿಷ್ ಕಾಲದ ಹೆಸರೇ ಜಗತ್ತಿನ ಪುಸ್ತಕಗಳಲ್ಲಿ ಉಳಿದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದರಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ 7. ಸಿಲಿಂಡರಿನ ಬೀಡುಕಬ್ಬಿಣ ಅದರ ಮುಂದೆ ಮೆತ್ತಗೆ. ಕನಕಪುರ, ಮಾಗಡಿ ಕಡೆಯ ಕ್ವಾರಿ ರಸ್ತೆಯಲ್ಲಿ ಟಿಪ್ಪರಿನ ಹಿಂದೆ ಹೋಗುವಾಗ ಕಾರು ಎಳೆದುಕೊಳ್ಳುವುದು ಇದೇ ಪುಡಿಯನ್ನು. ಪಿಸ್ಟನ್ ರಿಂಗಿಗೂ ಗೋಡೆಗೂ ನಡುವಿನ ಆಯಿಲ್ ಪದರ ಕೆಲವೇ ಮೈಕ್ರಾನು ದಪ್ಪ. ಅದಕ್ಕಿಂತ ತುಸು ದೊಡ್ಡ ಕಣ ನುಸುಳಿದರೆ ಅದು ಉಜ್ಜುಕಾಗದ.

ಹತ್ತಿಬಟ್ಟೆಗೆ ಎಣ್ಣೆ ಸವರಿದ, ತೊಳೆದು ಮತ್ತೆ ಬಳಸುವ ಫಿಲ್ಟರುಗಳು ಹೆಸರು ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಶುರುವಾದ ಕೆ ಅಂಡ್ ಎನ್ ಕಂಪನಿಯಿಂದ. ಗಾಳಿ ಸರಾಗವಾಗಿ ಹೋಗುತ್ತದೆ, ನಿಜ. ಆದರೆ ಸರಾಗವಾಗಿ ಬಿಡುವ ಬಟ್ಟೆ ಸೂಕ್ಷ್ಮ ದೂಳನ್ನೂ ಸ್ವಲ್ಪ ಬಿಡುತ್ತದೆ. ಒಂದು ಫಿಲ್ಟರ್ ನೂರಕ್ಕೆ 99.5 ಹಿಡಿಯುತ್ತದೆ, ಇನ್ನೊಂದು 97 ಎಂದುಕೊಳ್ಳಿ. ಕೇಳಲು ಎರಡೂವರೆ ಶೇಕಡದ ವ್ಯತ್ಯಾಸ. ಒಳಹೋಗುವ ದೂಳು ಮಾತ್ರ ಆರು ಪಟ್ಟು. ಫಿಲ್ಟರನ್ನು ನೋಡಬೇಕಾದ್ದು ಹಿಡಿದದ್ದರಿಂದಲ್ಲ, ಬಿಟ್ಟದ್ದರಿಂದ.

ಎಣ್ಣೆ ಹೆಚ್ಚಾದರೆ ಇನ್ನೊಂದು ಪೀಡೆ. ಕೆಲವು ಕಾರುಗಳಲ್ಲಿ ಗಾಳಿಯನ್ನು ತೂಗುವುದೇ ಒಂದು ಬಿಸಿ ತಂತಿ. ಗಾಳಿ ಹೆಚ್ಚು ಹರಿದಷ್ಟೂ ತಂತಿ ತಣಿಯುತ್ತದೆ, ಅದನ್ನು ಬಿಸಿಯಾಗಿಡಲು ಹೆಚ್ಚು ಕರೆಂಟು ಬೇಕು; ಆ ಕರೆಂಟಿನಿಂದ ಗಾಳಿಯ ತೂಕ ಗೊತ್ತಾಗುತ್ತದೆ. ಈ ಸಂಬಂಧದ ಸೂತ್ರ ಕೊಟ್ಟವನು ಲೂಯಿ ಕಿಂಗ್, 1914ರಲ್ಲಿ, ಕಾರಿನ ಯೋಚನೆಯೇ ಇಲ್ಲದೆ. 1980ರ ದಶಕದಲ್ಲಿ ಬಾಷ್ ಅದನ್ನು ಕಾರಿಗೆ ತಂದಿತು. ಅದರ ಕಾರ್ಖಾನೆಯೊಂದು ಈಗ ಬಿಡದಿಯಲ್ಲೂ ಇದೆ. ಫಿಲ್ಟರಿನ ಎಣ್ಣೆ ಆ ತಂತಿಗೆ ಕೂತರೆ ತಕ್ಕಡಿ ಸುಳ್ಳು ಹೇಳತೊಡಗುತ್ತದೆ, ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ.

ಕೊನೆಗೆ ನೀರು. ದುಬಾರಿ ಕಿಟ್‌ಗಳು ಎಂಜಿನ್ ಬಿಸಿಯಿಂದ ತಪ್ಪಿಸಿಕೊಳ್ಳಲು ಫಿಲ್ಟರನ್ನು ಬಂಪರಿನ ಹಿಂದೆ, ಚಕ್ರದ ಮಟ್ಟಕ್ಕೆ ಇಳಿಸುತ್ತವೆ. ತಣ್ಣನೆ ಗಾಳಿ ಅಲ್ಲಿ ನಿಜವಾಗಿಯೂ ಸಿಗುತ್ತದೆ. ಆದರೆ 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ಕಾರು, ಬಸ್ಸುಗಳು ಮುಳುಗಿದ್ದನ್ನು ನೆನಪಿಸಿಕೊಳ್ಳಿ. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ವಾರದೊಳಗೇ ಸಂಗಬಸವನದೊಡ್ಡಿಯ ಅಂಡರ್‌ಪಾಸ್ ಬಳಿ ಮತ್ತೆ ನೀರು ನಿಂತಿತು. 1.2 ಲೀಟರಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರು 300 ಮಿ.ಲೀ. ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗ ಸುಮಾರು 30 ಮಿ.ಲೀ. ಗಾಳಿಯಾದರೆ ಅದುಮಿಸಿಕೊಳ್ಳುತ್ತದೆ, ನೀರು ಜಗ್ಗುವುದಿಲ್ಲ. ಅಷ್ಟಕ್ಕಿಂತ ತುಸು ಹೆಚ್ಚು ನೀರು ಹೊಕ್ಕರೂ ಬಾಗುವುದು ಕನೆಕ್ಟಿಂಗ್ ರಾಡು. ಕಾಡುಮೇಡು ಸುತ್ತುವ ಜೀಪಿನವರು ಗಾಳಿಕೊಳವೆಯನ್ನು ಚಾವಣಿಯ ಮಟ್ಟಕ್ಕೆ ಏರಿಸಿಕೊಳ್ಳುವುದು ಈ ಭಯಕ್ಕೇ.

ಸಾಮಾನ್ಯ ವಿಮೆ ಈ ನಷ್ಟ ತುಂಬಿಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು. ಕಾರಿನ ಮಾರ್ಪಾಡನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಿರಬೇಕು. ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಆ ಎರಡನೇ ಪ್ರಯತ್ನದಲ್ಲೂ ರಾಡು ಬಾಗಬಹುದು. ತಳ್ಳಿ ಮೇಲಕ್ಕೆ ತಂದು, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೀರು ಹೊರಹಾಕಿಸಿ. ಈಗಾಗಲೇ ಪೈಪು ಹಾಕಿಸಿದ್ದರೆ ಕಂಪನಿಯ ಹಳೆಯ ಡಬ್ಬಿಯನ್ನು ಗುಜರಿಗೆ ಕೊಡಬೇಡಿ. ಮುಂಗಾರಿಗೆ ಮುಂಚೆ ಅದನ್ನೇ ಮತ್ತೆ ಕೂರಿಸಿ, ಒಳಗೊಂದು ಹೊಸ ಕಾಗದದ ಫಿಲ್ಟರ್ ಹಾಕಿಸಿ.